ಹೆವೆನ್ಸ್ ಗೇಟ್: ದಿ ಬುಚರ್ಸ್ ಕಟ್

ಮೈಕೆಲ್ ಚಿಮಿನೊ ನಿರ್ದೇಶನದ ‘ಹೆವೆನ್ಸ್ ಗೇಟ್’ (1980) ಚಿತ್ರವನ್ನು ಅಮೆರಿಕದ ನಿರ್ದೇಶಕ ಸ್ಟೀವನ್ ಸೋಡರ್‌ಬರ್ಗ್ ಅಭಿಮಾನಿಯಾಗಿ, ಅನುಮತಿಯ ಗೊಡವೆಯಿಲ್ಲದೆ, ಮರುಸಂಕಲಿಸಿದ ಆವೃತ್ತಿ. ಅವಧಿ 108 ನಿಮಿಷ. 2014ರಲ್ಲಿ ಅಂತರ್ಜಾಲದಲ್ಲಿ ಹೊರಬಂತು. ಸಂಕಲನಕಾರರ ಹೆಸರು ಮೇರಿ ಆನ್ ಬರ್ನಾರ್ಡ್ ಎಂದಿದೆ. ತಮ್ಮ ಚಿತ್ರಗಳನ್ನು ಸಂಕಲಿಸುವಾಗಲೂ ಸೋಡರ್‌ಬರ್ಗ್ ಬಳಸುವ ಗುಪ್ತನಾಮವಿದು.

1890ರ ದಶಕದ ವಯೋಮಿಂಗ್‌ನಲ್ಲಿ ಜಾನುವಾರು ಸಾಹುಕಾರರಿಗೂ ಬಡ ವಲಸಿಗರಿಗೂ ನಡೆದ ಕಾಳಗ ಮೂಲಚಿತ್ರದ ವಸ್ತು. ನ್ಯೂಯಾರ್ಕ್‌ನಲ್ಲಿ ತೆರೆಕಂಡಾಗ ಅದು 219 ನಿಮಿಷವಿತ್ತು. ವಿಮರ್ಶಕರ ಏಟಿಗೆ ವಾರದಲ್ಲೇ ಹಿಂತೆಗೆದು, 1981ರಲ್ಲಿ 149 ನಿಮಿಷಕ್ಕೆ ಇಳಿಸಿ ಬಿಟ್ಟರೂ ಮಕಾಡೆ ಮಲಗಿತು. ಸುಮಾರು 4.4 ಕೋಟಿ ಡಾಲರ್ ಸುರಿದಿದ್ದ ಯುನೈಟೆಡ್ ಆರ್ಟಿಸ್ಟ್ಸ್ ಸ್ಟುಡಿಯೊ ಅದೇ ವರ್ಷ ಎಂಜಿಎಂ ಸ್ಟುಡಿಯೊದ ಪಾಲಾಯಿತು. ಮುಂದೆ ಚಿತ್ರಕ್ಕೆ ನಿಷ್ಠಾವಂತ ಅಭಿಮಾನಿಗಳು ಹುಟ್ಟಿಕೊಂಡರು; 2012ರಲ್ಲಿ 216 ನಿಮಿಷಗಳ ಪುನರುಜ್ಜೀವಿತ ಪ್ರತಿ ವೆನಿಸ್ ಉತ್ಸವದಲ್ಲಿ ಪ್ರದರ್ಶನಗೊಂಡಿತು.

ಸೋಡರ್‌ಬರ್ಗ್ ಅರ್ಧದಷ್ಟನ್ನು ಕಿತ್ತಿದ್ದಾರೆ. ಮರುಸಂಕಲನಕಾರನಿಗೆ ಹೊಸ ಶಾಟ್ ಸಿಗುವುದಿಲ್ಲ. ಇರುವುದನ್ನೇ ಮೊಟಕುಗೊಳಿಸಬೇಕು, ಹಿಂದುಮುಂದು ಮಾಡಬೇಕು. ಇಲ್ಲಿ ಕಥೆ ಚುರುಕಾಗಿದೆ, ನಿಜ. ಆದರೆ ಚಿಮಿನೊ ಚಿತ್ರದ ಸೊಗಸಿರುವುದು ಕಥೆ ನಿಂತಲ್ಲೇ ನಿಲ್ಲುವ ಕಡೆ: ರೋಲರ್ ಸ್ಕೇಟಿಂಗ್ ಕುಣಿತದಲ್ಲಿ, ಛಾಯಾಗ್ರಾಹಕ ವಿಲ್ಮೋಸ್ ಜಿಗ್ಮಂಡ್ ಸೆರೆಹಿಡಿದ ದೂಳುಬೆಳಕಿನಲ್ಲಿ.

2015ರಲ್ಲಿ ಸೋಡರ್‌ಬರ್ಗ್ ಕುಬ್ರಿಕ್‌ರ ‘2001: ಎ ಸ್ಪೇಸ್ ಒಡಿಸ್ಸಿ’ಗೂ ಕತ್ತರಿ ಹಾಕಿದರು; ಆದರೆ ಹಕ್ಕುದಾರರ ಕೋರಿಕೆಯ ಮೇರೆಗೆ ಅದನ್ನು ತೆಗೆದುಹಾಕಬೇಕಾಯಿತು.