ಹೊಸ್ತಿಲಿಲ್ಲದ ಮನೆ

ಅತಿಥಿಯನ್ನು ಅಕ್ಕರೆಯಿಂದ ಆಹ್ವಾನಿಸಿ, ಅವನು ಏರಲಾರದಷ್ಟು ಮೆಟ್ಟಿಲುಗಳನ್ನು ಬಾಗಿಲ ಮುಂದೆ ಕಟ್ಟಿಟ್ಟರೆ ಅದು ಸತ್ಕಾರವೆನಿಸಲಾರದು. ಆದರೂ ಲೋಕದ ಪುರಾತನ ಸೌಧಗಳಲ್ಲಿ ಬಹುಮಟ್ಟಿಗೆ ಹಾಗೆಯೇ ನಡೆದುಬಂದಿದೆ. ಕಟ್ಟಡವು ಎತ್ತರವಾದಷ್ಟೂ ಒಡೆಯನ ಘನತೆಯು ಹೆಚ್ಚೆಂದು ಶಿಲ್ಪಿಗಳು ಭಾವಿಸಿದರು. ಮಹಾಭಾರತದ ವನಪರ್ವದಲ್ಲಿ ಎಂಟು ಕಡೆ ವಕ್ರವಾದ ದೇಹವುಳ್ಳ ಅಷ್ಟಾವಕ್ರನನ್ನು ಜನಕರಾಜನ ಯಜ್ಞಶಾಲೆಯ ಬಾಗಿಲಲ್ಲಿ ದ್ವಾರಪಾಲಕನು ತಡೆದ ಕಥೆಯಿದೆ. ತಡೆದುದಕ್ಕೆ ಕಾರಣ ಅವನ ಅಂಗವೈಕಲ್ಯವಲ್ಲ, ಎಳೆಯ ವಯಸ್ಸು. ಮುನಿಕುಮಾರನು ದ್ವಾರಪಾಲಕನೊಡನೆ ವಾದಿಸಿ ಒಳಹೊಕ್ಕನು. ಆದರೆ ಕಲ್ಲಿನ ಮೆಟ್ಟಿಲಿನೊಡನೆ ವಾದಮಾಡಿ ಗೆಲ್ಲುವ ಉಪಾಯವನ್ನು ಯಾವ ತರ್ಕಶಾಸ್ತ್ರವೂ ಹೇಳಿಲ್ಲ.

ಈ ತೊಡಕು ಇಂಗ್ಲೆಂಡಿನ ಹಳೆಯ ಜಮೀನುದಾರಿ ಮಹಲುಗಳಲ್ಲಿ ವಿಶೇಷವಾಗಿ ಕಾಣುತ್ತದೆ. 1895ರಲ್ಲಿ ಸ್ಥಾಪಿತವಾದ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಯ ವಶಕ್ಕೆ ಇಂತಹ ಅನೇಕ ಮನೆಗಳು ಬಂದಿವೆ. ಜನರು ಮಹಲನ್ನು ನೋಡಿ, ತೋಟದಲ್ಲಿ ಅಡ್ಡಾಡಿ, ಕೊನೆಗೆ ಚಹಾದ ಕೋಣೆಯಲ್ಲಿ ಕುಳಿತು ದಣಿವಾರಿಸಿಕೊಳ್ಳುವುದು ಅಲ್ಲಿಯ ಪದ್ಧತಿ. ಆ ಕೋಣೆಯು ಎಷ್ಟೋ ಕಡೆ ಹಿಂದಿನ ಕುದುರೆಲಾಯವೋ ಅಡಿಗೆಮನೆಯೋ ಆಗಿರುತ್ತದೆ. ಅಂಗಳಕ್ಕೆ ಉರುಟುಗಲ್ಲಿನ ಹಾಸು, ಬಾಗಿಲು ಕಿರಿದು, ಹೊಸ್ತಿಲು ಎತ್ತರ. ಗಾಲಿಕುರ್ಚಿಯಲ್ಲಿ ಬಂದವರು ಒಡನಾಡಿಗಳು ಒಳಗೆ ಕುಳಿತು ಚಹಾ ಕುಡಿಯುವುದನ್ನು ಹೊರಗಿನಿಂದ ನೋಡಬೇಕಾಗುತ್ತದೆ. ಇಂತಹ ತಾರತಮ್ಯವನ್ನು ತಡೆಯಲು ಬ್ರಿಟನ್ನಿನಲ್ಲಿ 1970ರಲ್ಲಿ ಒಂದು ಶಾಸನವೂ, ಅದಕ್ಕಿಂತ ಬಲವಾದದ್ದು 1995ರಲ್ಲಿ ಇನ್ನೊಂದೂ ಆದವು. ಕಟ್ಟಡದ ತಡೆಗಳನ್ನು ನ್ಯಾಯವಾದಷ್ಟರ ಮಟ್ಟಿಗೆ ನಿವಾರಿಸಬೇಕೆಂಬ ವಿಧಿಯು 2004ರ ಅಕ್ಟೋಬರ್ 1ರಿಂದ ಜಾರಿಗೆ ಬಂದು, 2010ರ ಸಮಾನತೆಯ ಶಾಸನದಲ್ಲಿ ಮುಂದುವರಿಯಿತು. ಆದರೆ ಇತ್ತ ಪುರಾತನ ಕಟ್ಟಡಗಳ ಸ್ವರೂಪವನ್ನು ಅನುಮತಿಯಿಲ್ಲದೆ ಕೆಡಿಸಬಾರದೆಂಬ ಶಾಸನವೂ ಇದೆ. ಕಲ್ಲನ್ನು ಕಾಪಾಡುವುದೋ, ಮನುಷ್ಯನನ್ನು ಬರಮಾಡಿಕೊಳ್ಳುವುದೋ ಎಂಬ ಪ್ರಶ್ನೆ ಹೀಗೆ ಹುಟ್ಟುತ್ತದೆ.

ಈ ಪ್ರಶ್ನೆಗೆ ಒಂದು ವಿಚಿತ್ರವಾದ ಉತ್ತರವು ಅಮೆರಿಕಾ ಸಂಯುಕ್ತ ಸಂಸ್ಥಾನದ ಒಂದು ಹಳೆಯ ಜಮೀನಿನಲ್ಲಿದೆ. ನ್ಯೂಯಾರ್ಕ್ ಪ್ರಾಂತದಲ್ಲಿ ಹಡ್ಸನ್ ನದಿಯ ದಂಡೆಯ ಮೇಲೆ ಹೈಡ್ ಪಾರ್ಕ್ ಎಂಬ ಊರುಂಟು. ಅಲ್ಲಿಯ ಸ್ಪ್ರಿಂಗ್‌ವುಡ್ ಎಂಬ ಮಹಲಿನಲ್ಲಿ 1882ರ ಜನವರಿ 30ರಂದು ಫ್ರಾಂಕ್ಲಿನ್ ರೂಸ್‌ವೆಲ್ಟರು ಜನಿಸಿದರು. ಸಿರಿಯಲ್ಲಿ ಬೆಳೆದು, ವಿದ್ಯಾವಂತರಾಗಿ, ರಾಜಕಾರಣದಲ್ಲಿ ಮುಂದೆ ಬರುತ್ತಿದ್ದ ಅವರಿಗೆ 1921ರ ಆಗಸ್ಟಿನಲ್ಲಿ, ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ, ತೀವ್ರವಾದ ಜ್ವರ ಬಂದು ಸೊಂಟದಿಂದ ಕೆಳಗೆ ಶಕ್ತಿ ಉಡುಗಿಹೋಯಿತು. ಅದು ಪೋಲಿಯೋ ಎಂದು ವೈದ್ಯರು ನಿರ್ಣಯಿಸಿದರು. ಮುಂದೆ ಅವರು ಯಾರ ಸಹಾಯವೂ ಇಲ್ಲದೆ ನಡೆದವರಲ್ಲ.

ಅಲ್ಲಿಯವರೆಗೆ ಪ್ರಿಯವಾಗಿದ್ದ ಹುಟ್ಟಿದ ಮನೆಯೇ ಆಗ ಅವರಿಗೆ ದುರ್ಗಮವಾಯಿತು. ಮಲಗುವ ಕೋಣೆ ಮೇಲಿನ ಅಂತಸ್ತಿನಲ್ಲಿತ್ತು. ಪೆಟ್ಟಿಗೆಗಳನ್ನು ಮೇಲಕ್ಕೆ ಸಾಗಿಸಲು ಮನೆಯಲ್ಲಿ ಮೊದಲೇ ಇದ್ದ ಒಂದು ಚಿಕ್ಕ ಏರುಗೂಡೇ ಅವರ ಸೋಪಾನವಾಯಿತು. ಗಾಲಿಕುರ್ಚಿಯೊಡನೆ ಅದರೊಳಗೆ ಹೊಕ್ಕು, ಹಗ್ಗವನ್ನು ತಮ್ಮ ಕೈಯಿಂದಲೇ ಎಳೆಯುತ್ತ ಅವರು ಮೇಲೇರುತ್ತಿದ್ದರು. ಬೆಂಕಿ ಬಿದ್ದು ವಿದ್ಯುತ್ತು ನಿಂತುಹೋದರೆ ಯಂತ್ರವು ತಮ್ಮನ್ನು ನಡುವೆ ಸಿಕ್ಕಿಸೀತೆಂಬ ಭಯದಿಂದ ಕೈಹಗ್ಗವನ್ನೇ ನೆಚ್ಚಿದರು. ಒಳಗಿನ ಮೆಟ್ಟಿಲುಗಳ ಮೇಲೆ ಮರದ ಇಳಿಜಾರನ್ನು ಹಾಕಿಸಿದರು. ಆ ಕಾಲದ ಗಾಲಿಕುರ್ಚಿಗಳು ದೊಡ್ಡವು, ಬಾಗಿಲಲ್ಲಿ ಹಿಡಿಯುತ್ತಿರಲಿಲ್ಲ. ಆದಕಾರಣ ತೋಳಿಲ್ಲದ ಸಾಮಾನ್ಯ ಅಡಿಗೆಮನೆಯ ಕುರ್ಚಿಗೆ ಚಕ್ರಗಳನ್ನು ಜೋಡಿಸಿ ಬಳಸಿದರು. ಕೈಯಿಂದಲೇ ನಡೆಸಬಲ್ಲಂತೆ ಮೋಟಾರು ಗಾಡಿಯನ್ನು ಮಾರ್ಪಡಿಸಿಕೊಂಡು ತಮ್ಮ ಜಮೀನಿನ ಕಾಡುದಾರಿಗಳಲ್ಲಿ ಸ್ವತಂತ್ರವಾಗಿ ಸಂಚರಿಸಿದರು. 1928ರಲ್ಲಿ ನ್ಯೂಯಾರ್ಕಿನ ಗವರ್ನರರಾಗಿಯೂ, 1932ರಿಂದ ನಾಲ್ಕು ಸಲ ರಾಷ್ಟ್ರಾಧ್ಯಕ್ಷರಾಗಿಯೂ ಅವರು ಚುನಾಯಿತರಾದರು.

ಹಳೆಯ ಮನೆಯನ್ನು ತಿದ್ದುವುದಕ್ಕೂ ಮಿತಿಯುಂಟು. ಆದುದರಿಂದ ಅದೇ ಜಮೀನಿನ ಪೂರ್ವಕ್ಕೆ ಗುಡ್ಡದ ಮೇಲೆ, ವಾಸ್ತುಶಿಲ್ಪಿ ಹೆನ್ರಿ ಟೂಂಬ್ಸರ ಸಹಾಯದಿಂದ, ರೂಸ್‌ವೆಲ್ಟರು 1938-39ರಲ್ಲಿ ತಾವೇ ನಕ್ಷೆ ಹಾಕಿ ಒಂದು ಸಣ್ಣ ಮನೆಯನ್ನು ಕಟ್ಟಿಸಿದರು. ಅದಕ್ಕೆ ಟಾಪ್ ಕಾಟೇಜ್ ಎಂದು ಹೆಸರು. ಆ ಸೀಮೆಯ ಹಳೆಯ ಡಚ್ಚರ ಮನೆಗಳ ಮಾದರಿಯಲ್ಲಿ ಒರಟುಗಲ್ಲಿನಿಂದ ಕಟ್ಟಿದ ಗೋಡೆಗಳು. ಹೊರನೋಟಕ್ಕೆ ಅಸಾಮಾನ್ಯವಾದುದೇನೂ ಇಲ್ಲ. ಆದರೆ ಒಳಹೊಕ್ಕು ನೋಡಿದರೆ ಬಾಗಿಲುಗಳಿಗೆ ಹೊಸ್ತಿಲಿಲ್ಲ, ಕೆಳಗಿನ ಅಂತಸ್ತಿನಲ್ಲಿ ಒಂದು ಮೆಟ್ಟಿಲೂ ಇಲ್ಲ. ಕುಳಿತವರ ಕಣ್ಣಿಗೆ ಹೊರಗಿನ ನೋಟ ನಿಲುಕಲೆಂದು ಕಿಟಕಿಗಳನ್ನು ತಗ್ಗಿನಲ್ಲಿ ಇರಿಸಿದೆ. ಪಶ್ಚಿಮದ ಮೊಗಸಾಲೆಯಿಂದ ಹಡ್ಸನ್ ಕಣಿವೆಯೂ ಅದರಾಚೆಯ ಬೆಟ್ಟಗಳೂ ಕಾಣುತ್ತಿದ್ದವು. ಮೊಗಸಾಲೆಯಿಂದ ನೆಲಕ್ಕಿಳಿಯಲು ಮೆಟ್ಟಿಲಿಗೆ ಬದಲಾಗಿ ಮಣ್ಣನ್ನೇ ಏರಿಸಿ ಹುಲ್ಲಿನ ನೆಲದೊಡನೆ ಸಮವಾಗಿ ಬೆರೆಯುವಂತೆ ಇಳಿಜಾರನ್ನು ಮಾಡಿದೆ. ಅಂಗವಿಕಲರಿಗಾಗಿ ಮಾಡಿದುದೆಂಬ ಗುರುತೇ ಎದ್ದು ಕಾಣದು. ಅಂಗವಿಕಲನೊಬ್ಬನು ತನ್ನ ಅನುಕೂಲಕ್ಕಾಗಿ ತಾನೇ ಯೋಜಿಸಿದ ಮನೆಗಳಲ್ಲಿ ಇದು ಆ ದೇಶದಲ್ಲಿ ಮೊದಮೊದಲಿನದೆಂದು ಎಣಿಸಲ್ಪಟ್ಟಿದೆ.

ಆ ಮೊಗಸಾಲೆಯೇ ಅವರ ಅತಿಥಿಶಾಲೆ. ಅಪರಾಹ್ಣದಲ್ಲಿ ಆಪ್ತರನ್ನು ಕರೆದೊಯ್ದು ಚಹಾ ಕೊಡುವುದು ಅವರಿಗೆ ಇಷ್ಟವಾದ ವಿನೋದ. 1939ರ ಜೂನಿನಲ್ಲಿ ಇಂಗ್ಲೆಂಡಿನ ಆರನೆಯ ಜಾರ್ಜ್ ದೊರೆಯೂ ರಾಣಿಯೂ ಹೈಡ್ ಪಾರ್ಕಿಗೆ ಬಂದರು. ಮೊದಲನೆಯ ಸಾಯಂಕಾಲ ಮಹಲಿನಲ್ಲಿ ರೂಸ್‌ವೆಲ್ಟರು, ತಮ್ಮ ತಾಯಿಯ ಅಭಿಪ್ರಾಯದಲ್ಲಿ ದೊರೆಗಳಿಗೆ ಚಹಾ ಕೊಡುವುದೇ ಉಚಿತವೆಂದು ಹಾಸ್ಯವಾಗಿ ಹೇಳಲು, ದೊರೆಯು ತಮ್ಮ ತಾಯಿಯೂ ಹಾಗೆಯೇ ಹೇಳುವವರೆಂದು ನುಡಿದು ಮದ್ಯದ ಬಟ್ಟಲನ್ನೇ ಎತ್ತಿಕೊಂಡರಂತೆ. ಮರುದಿನ, ಜೂನ್ 11ರಂದು, ಟಾಪ್ ಕಾಟೇಜಿನಲ್ಲಿ ವನಭೋಜನ. ಅಲ್ಲಿ ದೊರೆಗಳಿಗೆ ಬಡಿಸಿದ ಭಕ್ಷ್ಯಗಳಲ್ಲಿ ಅಮೆರಿಕಾದ ಸಾಮಾನ್ಯ ಜನರ ಹಾಟ್ ಡಾಗ್ ಸೇರಿದ್ದುದು ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ಎದ್ದು ನಿಲ್ಲಲಾರದ ಗೃಹಸ್ಥನು ಚಕ್ರವರ್ತಿಯನ್ನು ಸಮಾನಪೀಠದಲ್ಲಿ ಸತ್ಕರಿಸುವುದಕ್ಕೆ ಆ ಮನೆಯ ಸಮನೆಲವು ಎಷ್ಟು ನೆರವಾಯಿತೆಂಬುದನ್ನು ಮಾತ್ರ ಯಾರೂ ಬರೆಯಲಿಲ್ಲ.

ಬರೆಯದಿದ್ದುದಕ್ಕೆ ಕಾರಣವೂ ಉಂಟು. ರೂಸ್‌ವೆಲ್ಟರು ತಮ್ಮ ದೌರ್ಬಲ್ಯವು ಜನರ ಕಣ್ಣಿಗೆ ಬೀಳದಂತೆ ಬಹಳ ಎಚ್ಚರ ವಹಿಸಿದರು. ಕಾಲಿಗೆ ಉಕ್ಕಿನ ಪಟ್ಟಿಗಳನ್ನು ಬಿಗಿದು, ಮಗನ ತೋಳನ್ನೋ ಸಹಾಯಕನ ತೋಳನ್ನೋ ಹಿಡಿದು ಸಭೆಗಳಲ್ಲಿ ನಿಲ್ಲುತ್ತಿದ್ದರು. ಗಾಲಿಕುರ್ಚಿಯಲ್ಲಿ ಕುಳಿತ ಅವರ ಛಾಯಾಚಿತ್ರಗಳು ಕೆಲವೇ ಕೆಲವು. ಅವುಗಳಲ್ಲಿ ಪ್ರಸಿದ್ಧವಾದುದು 1941ರ ಫೆಬ್ರವರಿಯಲ್ಲಿ ಟಾಪ್ ಕಾಟೇಜಿನ ಮೊಗಸಾಲೆಯಲ್ಲಿಯೇ ಮಾರ್ಗರೆಟ್ ಸಕ್ಲಿ ಎಂಬ ಆಪ್ತಬಂಧುವು ತೆಗೆದದ್ದು: ಪಕ್ಕದಲ್ಲಿ ಒಂದು ಚಿಕ್ಕ ಹುಡುಗಿ, ತೊಡೆಯ ಮೇಲೆ ಸಾಕುನಾಯಿ. ಲೋಕದೆದುರು ಮರೆಮಾಡಿದುದನ್ನು ಆ ಮನೆಯಲ್ಲಿ ಮರೆಮಾಡುವ ಅಗತ್ಯ ಅವರಿಗೆ ತೋರಲಿಲ್ಲ.

1945ರ ಏಪ್ರಿಲ್ 12ರಂದು ಅವರು ತೀರಿಕೊಂಡರು. ಸರಿಯಾಗಿ ಒಂದು ವರ್ಷಕ್ಕೆ ಸ್ಪ್ರಿಂಗ್‌ವುಡ್ ಸಾರ್ವಜನಿಕರಿಗೆ ತೆರೆಯಿತು. ಟಾಪ್ ಕಾಟೇಜ್ ಖಾಸಗಿಯವರ ವಶಕ್ಕೆ ಹೋಯಿತು. ಅಷ್ಟರಲ್ಲಿ ದೇಶದ ಅಂಗವಿಕಲರು ತಾವೇ ಎಚ್ಚೆತ್ತರು. ಸರಕಾರದ ಹಣದಿಂದ ಆಗುವ ಕಟ್ಟಡಗಳಿಗೆ ಎಲ್ಲರೂ ಪ್ರವೇಶಿಸುವಂತಿರಬೇಕೆಂದು 1968ರಲ್ಲಿ ಶಾಸನವಾಯಿತು. 1990ರ ಮಾರ್ಚ್ 12ರಂದು ಹಲವರು ತಮ್ಮ ಗಾಲಿಕುರ್ಚಿ, ಊರುಗೋಲುಗಳನ್ನು ಕೆಳಗೆ ಬಿಟ್ಟು ವಾಷಿಂಗ್ಟನ್ನಿನ ಶಾಸನಸಭಾಭವನದ ಮೆಟ್ಟಿಲುಗಳನ್ನು ತೆವಳುತ್ತ ಏರಿದರು. ಕಲ್ಲಿನೊಡನೆ ವಾದಮಾಡಲು ಅವರು ಕಂಡುಕೊಂಡ ಉಪಾಯ ಅದು. ಅದೇ ವರ್ಷ ಜುಲೈ 26ರಂದು ಅಂಗವಿಕಲರ ಹಕ್ಕುಗಳ ದೊಡ್ಡ ಶಾಸನವು ಅಂಗೀಕೃತವಾಯಿತು. ಐತಿಹಾಸಿಕ ಕಟ್ಟಡದ ಮಹತ್ತ್ವವೇ ನಾಶವಾಗುವಂತಿದ್ದರೆ ಬೇರೆ ವಿಧದಿಂದ ಅನುಕೂಲ ಕಲ್ಪಿಸಬಹುದೆಂಬ ವಿನಾಯಿತಿಯೂ ಆ ದೇಶದ ನಿಯಮಗಳಲ್ಲಿದೆ.

1997ರಲ್ಲಿ ವಾಷಿಂಗ್ಟನ್ನಿನಲ್ಲಿ ರೂಸ್‌ವೆಲ್ಟರ ಸ್ಮಾರಕವು ತೆರೆದಾಗ ಅಲ್ಲಿಯ ದೊಡ್ಡ ಪ್ರತಿಮೆಯಲ್ಲಿ ಅವರ ಗಾಲಿಕುರ್ಚಿಯು ಮೇಲಂಗಿಯ ಕೆಳಗೆ ಮರೆಯಾಗಿದ್ದಿತು. ತಮ್ಮವರೊಬ್ಬರನ್ನು ತಮ್ಮಿಂದ ಕಸಿದಂತಾಯಿತೆಂದು ಅಂಗವಿಕಲರು ಆಕ್ಷೇಪಿಸಿದರು. ಅವರು ಮರೆಮಾಡಿದುದನ್ನು ತೋರಿಸುವುದು ಅವರ ಇಚ್ಛೆಗೆ ವಿರೋಧವೆಂದು ಬೇರೆ ಕೆಲವರು ವಾದಿಸಿದರು. ಕೊನೆಗೆ 2001ರ ಜನವರಿಯಲ್ಲಿ ಸ್ಮಾರಕದ ಪ್ರವೇಶದಲ್ಲಿ, ಗಾಲಿಕುರ್ಚಿಯಲ್ಲಿ ಕುಳಿತ ಪ್ರತಿಮೆಯೊಂದನ್ನು ಸ್ಥಾಪಿಸಿದರು. ಅದೇ ವರ್ಷ ಜೀರ್ಣೋದ್ಧಾರವಾದ ಟಾಪ್ ಕಾಟೇಜ್ ಕೂಡ ಜನರಿಗೆ ತೆರೆಯಿತು.

ಹಳೆಯ ಮಹಲಿನ ಚಹಾದ ಕೋಣೆಗೆ ಇಳಿಜಾರು ಹಾಕುವುದರಿಂದ ಪ್ರಾಚೀನತೆಗೆ ಭಂಗವೆಂದು ಶಂಕಿಸುವವರಿಗೆ ಈ ಜಮೀನಿನ ಎರಡು ಮನೆಗಳೂ ಎರಡು ಪಾಠಗಳನ್ನು ಹೇಳುತ್ತವೆ. ಸ್ಪ್ರಿಂಗ್‌ವುಡ್ಡಿನ ಮರದ ಇಳಿಜಾರೂ ಹಗ್ಗದ ಏರುಗೂಡೂ ಒಂದು ಕಾಲಕ್ಕೆ ಹಳೆಯ ಮನೆಗೆ ಮಾಡಿದ ಹೊಸ ತಿದ್ದುಪಡಿಗಳು. ಇಂದು ಅವೇ ಆ ಮನೆಯ ಇತಿಹಾಸವಾಗಿ ರಕ್ಷಿಸಲ್ಪಟ್ಟಿವೆ. ಟಾಪ್ ಕಾಟೇಜಿನ ಮಣ್ಣಿನ ಇಳಿಜಾರಾದರೋ, ಸೌಂದರ್ಯವೂ ಸೌಕರ್ಯವೂ ಒಂದನ್ನೊಂದು ಕೆಡಿಸಬೇಕಾಗಿಲ್ಲವೆಂಬುದಕ್ಕೆ ಸಾಕ್ಷಿ. ದೇಶದ ಅಧ್ಯಕ್ಷನಿಗೆ ಹೊಸ ಮನೆಯನ್ನೇ ಕಟ್ಟಿಸಿಕೊಳ್ಳುವ ಸಾಮರ್ಥ್ಯವಿದ್ದಿತು. ಅದಿಲ್ಲದ ಜನಕ್ಕೆ ಇದ್ದ ಬಾಗಿಲನ್ನೇ ಸುಗಮಮಾಡಿಕೊಡುವುದು ಮನೆಯನ್ನು ಕಾಯುವವರ ಕರ್ತವ್ಯ. ಒಂದು ಬಟ್ಟಲು ಚಹಾ ಅಲ್ಪವಸ್ತುವೇ ನಿಜ. ಅದನ್ನು ಎಲ್ಲರೊಡನೆ ಒಂದೇ ಮೇಜಿನಲ್ಲಿ ಕುಳಿತು ಕುಡಿಯುವ ಮರ್ಯಾದೆ ಅಲ್ಪವಲ್ಲ.