ಮರದ ಮುಚ್ಚಿಗೆ ಮತ್ತು ಫಾಲ್ಸ್ ಸೀಲಿಂಗಿಗೆ ಡೌನ್‌ಲೈಟ್: ಸದಸ್ಯರ ಗಮನಕ್ಕೆ

ಮನೆ ರಿಪೇರಿ ಎಂದರೆ ಈಗ ಮೊದಲು ಬರುವ ಮಾತು ಸೀಲಿಂಗಿನೊಳಗೆ ಹುದುಗಿಸುವ ಡೌನ್‌ಲೈಟಿನದು. ಪೆಟ್ಟಿಗೆಯ ಮೇಲಿನ ಸೂಚನೆ ಇಂಗ್ಲಿಷಿನಲ್ಲಿರುತ್ತದೆ. ಕೆಲಸಕ್ಕೆ ಬರುವವರ ಮಾತು ಊರಿಗೆ ತಕ್ಕಂತೆ ಮಲಯಾಳ, ತಮಿಳು, ಮರಾಠಿ ಇಲ್ಲವೇ ತೆಲುಗು. ನಡುವೆ ಮನೆಯವರಿಗೆ ಏನು ಕೇಳಬೇಕೆಂದೇ ತೋಚುವುದಿಲ್ಲ. ಆದುದರಿಂದ ವಿಷಯವನ್ನು ಕನ್ನಡದಲ್ಲಿ ಒಂದೆಡೆ ಬರೆದಿಡುತ್ತಿದ್ದೇವೆ.

ಈ ದೀಪಗಳ ಬೆಳಕು ಕೆಳಗೆ ಬೀಳುತ್ತದೆ, ಬಿಸಿ ಮಾತ್ರ ಹಿಂಬದಿಯಲ್ಲಿ, ನಮ್ಮ ಕಣ್ಣಿಗೆ ಬೀಳದ ಜಾಗದಲ್ಲಿ ಸೇರುತ್ತದೆ. ಹಳೆಯ 50 ವ್ಯಾಟಿನ ಹ್ಯಾಲೊಜನ್ ದೀಪಗಳಲ್ಲಿ ಇದು ಬಹಳ ಹೆಚ್ಚು. ಅವುಗಳ ಹೊಳೆಯುವ ಬಟ್ಟಲನ್ನೇ ಬೆಳಕು ಮುಂದಕ್ಕೆ, ಶಾಖ ಹಿಂದಕ್ಕೆ ಹೋಗುವಂತೆ ಮಾಡಿರುತ್ತಾರೆ. ಅಂಥವು ಇನ್ನೂ ನಿಮ್ಮ ಮನೆಯಲ್ಲಿದ್ದರೆ ತೆಗೆಸಿಬಿಡಿ. ಎಲ್‌ಇಡಿಯಲ್ಲಿ ಶಾಖ ಕಡಿಮೆ, ಇಲ್ಲವೆಂದಲ್ಲ. ಹಿಂಬದಿಯ ಅಲ್ಯುಮಿನಿಯಂ ರೆಕ್ಕೆಗಳು ಇರುವುದು ಆ ಬಿಸಿಯನ್ನು ಗಾಳಿಗೆ ಬಿಡಲಿಕ್ಕೆ. ಗಾಳಿಯೇ ಇಲ್ಲದಂತೆ ಮುಚ್ಚಿದರೆ ದೀಪವೂ ಬೇಗ ಹೋಗುತ್ತದೆ, ಪಕ್ಕದ ವಸ್ತುವೂ ಕಾಯುತ್ತದೆ.

ಕಾಸರಗೋಡು ಕಡೆಯ ಹೆಂಚಿನ ಮನೆಗಳನ್ನೇ ನೋಡಿ. ಕೆಳಗೆ ಹಲಗೆಯ ಮುಚ್ಚಿಗೆ, ಅದರ ಮೇಲೆ ಅಟ್ಟ. ಅಟ್ಟದಲ್ಲಿ ಒಣತೆಂಗಿನಕಾಯಿ, ಅಡಿಕೆ ಹಾಳೆ, ಗೋಣಿಚೀಲ, ಅಜ್ಜನ ಕಾಲದ ಕಾಗದಪತ್ರ. ಮುಚ್ಚಿಗೆಯಲ್ಲಿ ತೂತು ಕೊರೆದು ದೀಪ ಇಟ್ಟಾಗ ಅದರ ಬೆನ್ನು ಇವುಗಳ ನಡುವೆ ಇರುತ್ತದೆ. ಮರ ಹೊತ್ತಿಕೊಳ್ಳಲು ಸಾಮಾನ್ಯವಾಗಿ 250 ಡಿಗ್ರಿಗಿಂತ ಹೆಚ್ಚು ಶಾಖ ಬೇಕು. ಆದರೆ ವರ್ಷಗಟ್ಟಲೆ ಕಾದು ಕರಿಕಾದ ಮರ ಅದಕ್ಕಿಂತ ಕಡಿಮೆ ಶಾಖದಲ್ಲೇ ಹೊತ್ತಬಹುದು. ಇನ್ನೊಂದು ಸಂಗತಿ: ಕೆಳಗೆ ಬೆಂಕಿ ಬಿದ್ದರೆ ಆ ತೂತುಗಳೇ ಅಟ್ಟಕ್ಕೆ ದಾರಿ. ಹಲಸಿನ ಹಲಗೆಯ ಹಳೆ ಮುಚ್ಚಿಗೆಗೆ ತೂತು ಕೊರೆಯದೆ, ಮೇಲ್ಮೈಗೆ ಕೂರಿಸುವ ಎಲ್‌ಇಡಿ ಪ್ಯಾನಲ್ ಹಾಕಿಸಿರೆಂಬುದು ನಮ್ಮ ಸಲಹೆ. ಅಂಥ ಹಲಗೆ ಮತ್ತೆ ಸಿಗುವುದೂ ಕಷ್ಟ.

ಅಕ್ಕಲಕೋಟೆ, ಆದೋನಿ ಕಡೆಯ ತೊಲೆ-ಜಂತಿಯ ಮಾಳಿಗೆಗಳ ಕೆಳಗೆ ಫಾಲ್ಸ್ ಸೀಲಿಂಗ್ ಕಟ್ಟಿಸುವವರು ನಡುವಿನ ಜಾಗವನ್ನು ಮೊದಲು ಅಳೆಯಿಸಬೇಕು. ದೀಪದ ಬೆನ್ನು ಜಂತಿಗೆ ತಾಗಕೂಡದು. ಎಷ್ಟು ಅಂತರ ಬೇಕೆಂಬುದು ತಯಾರಕರ ಚೀಟಿಯಲ್ಲಿರುತ್ತದೆ, ಅದೇ ಪ್ರಮಾಣ. ಅಂದಾಜಿಗೆ ಹೇಳುವುದಾದರೆ, ಮೇಲೆ ಮುಚ್ಚಲು ಯೋಗ್ಯವಲ್ಲದ ದೀಪಕ್ಕೆ ಅಮೆರಿಕದ ವಿದ್ಯುತ್ ಸಂಹಿತೆ ಮರದಿಂದ ಅರ್ಧ ಇಂಚು, ಶಾಖತಡೆ ಹಾಸಿನಿಂದ 3 ಇಂಚು ಕನಿಷ್ಠ ಅಂತರ ಕೇಳುತ್ತದೆ.

ಜಿಪ್ಸಮ್ ಹಲಗೆಯ ತಿರುಳು ಉರಿಯುವುದಿಲ್ಲ, ಹೊರಗಿನ ಕಾಗದ ಉರಿಯುತ್ತದೆ. ಪ್ಲೈವುಡ್ ಉರಿಯುತ್ತದೆ. ಪಿವಿಸಿ ಹಲಗೆ 80 ಡಿಗ್ರಿ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ. ಥರ್ಮೊಕೋಲ್ ಹಾಸಿದ ಸೀಲಿಂಗಿಗೆ ಡೌನ್‌ಲೈಟ್ ಬೇಡವೇ ಬೇಡ.

ಕೊಳ್ಳುವಾಗ ಪೆಟ್ಟಿಗೆಯ ಮೇಲೆ ಭಾರತೀಯ ಮಾನಕ ಬ್ಯೂರೋದ ಗುರುತು, ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ನೋಡಿ. ದೀಪದ ಚಿತ್ರದ ಮೇಲೆ ಹಾಸು ಬರೆದು ಅಡ್ಡಗೀಟು ಹಾಕಿದ್ದರೆ ಮೇಲೆ ಏನನ್ನೂ ಮುಚ್ಚಬಾರದೆಂದು ಅರ್ಥ. ‘ಟಿಎ’ ಎಂಬುದರ ಮುಂದಿನ ಅಂಕಿ ಆ ದೀಪ ತಾಳುವ ಸುತ್ತಲಿನ ಬಿಸಿ. ಅಂತರರಾಷ್ಟ್ರೀಯ ಪದ್ಧತಿಯಂತೆ ಏನೂ ಬರೆದಿಲ್ಲದಿದ್ದರೆ ಅದು 25 ಡಿಗ್ರಿ. ಏಪ್ರಿಲ್ ತಿಂಗಳ ಮಧ್ಯಾಹ್ನ ಹೆಂಚಿನಡಿಯ ಅಟ್ಟಕ್ಕೆ ಹತ್ತಿ ನಿಂತವರಿಗೆ ಈ ಅಂಕಿ ಎಷ್ಟು ಸಾಲದೆಂದು ಬೇರೆ ಹೇಳಬೇಕಿಲ್ಲ. 45 ಎಂದಿರುವುದನ್ನು ಕೇಳಿ ಪಡೆಯಿರಿ.

ವೈರಿಂಗಿನಲ್ಲಿ ನಡೆಯುವ ಅವಸರವೇ ನಮಗೆ ಹೆಚ್ಚಿನ ಚಿಂತೆ. ವೈರ್ ತಿರುಚಿ ಟೇಪ್ ಸುತ್ತಿ ಸೀಲಿಂಗ್ ಮೇಲೆ ಎಸೆದರೆ ಸಡಿಲವಾದ ಜಾಯಿಂಟಿನಲ್ಲಿ ಕಿಡಿ ಹಾರುತ್ತದೆ. ಅಟ್ಟದ ಇಲಿಗಳ ಕಾಟ ಬೇರೆ. ವೈರು ಪೈಪಿನೊಳಗಿರಲಿ, ಜಾಯಿಂಟು ಮುಚ್ಚಳವಿರುವ ಬಾಕ್ಸಿನಲ್ಲಿರಲಿ. ಐಎಸ್ 694 ಗುರುತಿನ ಸಾಮಾನ್ಯ ಪಿವಿಸಿ ವೈರಿನ ಮಿತಿ 70 ಡಿಗ್ರಿ, ಆದುದರಿಂದ ಅದನ್ನು ದೀಪದ ರೆಕ್ಕೆಗಳ ಮೇಲೆ ಹಾಯಿಸಬಾರದು. ಡ್ರೈವರ್ ಎಂಬ ಸಣ್ಣ ಪೆಟ್ಟಿಗೆ ದೀಪದ ಬೆನ್ನ ಮೇಲಲ್ಲ, ಪಕ್ಕಕ್ಕೆ ಇರಬೇಕು.

ಮೇನ್ ಆಫ್ ಮಾಡಿದರೆ ಸಾಲದು. ಇನ್ವರ್ಟರ್ ಇರುವ ಮನೆಯಲ್ಲಿ ಲೈಟ್ ಲೈನಿಗೆ ಕರೆಂಟು ಬರುತ್ತಲೇ ಇರುತ್ತದೆ. ಅದನ್ನೂ ಬಂದ್ ಮಾಡಿ, ಟೆಸ್ಟರ್ ಹಿಡಿದು ನೋಡಿದ ಮೇಲೆಯೇ ಕೈ ಹಾಕಲಿ. ಎಲೆಕ್ಟ್ರಿಷಿಯನ್ ಲೈಸೆನ್ಸನ್ನು ಆಯಾ ರಾಜ್ಯವೇ ಕೊಡುತ್ತದೆ. ಗಡಿಯಾಚೆಯಿಂದ ಪರಿಚಯದವರನ್ನು ಕರೆಸುವವರು, ಕೆಲಸ ನಡೆಯುವ ರಾಜ್ಯದಲ್ಲಿ ಅವರ ಲೈಸೆನ್ಸ್ ನಡೆಯುತ್ತದೆಯೇ ಎಂದು ಸಂಕೋಚವಿಲ್ಲದೆ ಕೇಳಿ.

ಕೆಲಸ ಮುಗಿದ ದಿನ ಎಲ್ಲ ದೀಪಗಳನ್ನೂ ಮೂರು-ನಾಲ್ಕು ಗಂಟೆ ಉರಿಸಿ. ಅಟ್ಟವಿದ್ದರೆ ಹತ್ತಿ, ದೀಪದ ಸುತ್ತಲಿನ ಮರ ಮುಟ್ಟಿ ನೋಡಿ. ಕೈ ಇಡಲಾಗದಷ್ಟು ಬಿಸಿಯಿದ್ದರೆ, ಕಮಟು ವಾಸನೆ ಬಂದರೆ, ಕೆಲವು ತಿಂಗಳಲ್ಲಿ ದೀಪದ ಸುತ್ತ ಕಂದು ಬಳೆ ಮೂಡಿದರೆ ಸ್ವಿಚ್ ಆಫ್ ಮಾಡಿ ಕೆಲಸದವರನ್ನು ಮತ್ತೆ ಕರೆಸಿ. ದೀಪದ ಖಾಲಿ ಪೆಟ್ಟಿಗೆ, ಚೀಟಿ, ಬಿಲ್ಲು ಎಸೆಯದೆ ಮನೆಯ ಕಾಗದಪತ್ರಗಳ ಜೊತೆ ಇಟ್ಟುಕೊಳ್ಳಿ. ಅಟ್ಟದಲ್ಲಿ ಮಾತ್ರ ಬೇಡ.

— ಕಾರ್ಯದರ್ಶಿ