ಅಕ್ವೇರಿಯಂಗಾಗಿ ಕಡಲಜೀವಿಗಳ ಸಂಗ್ರಹ

ಮನೆಯ ಗಾಜಿನ ತೊಟ್ಟಿಯಲ್ಲಿ ಸಾಕಲೆಂದು ಮೀನು, ಹವಳ, ಕಡಲಕುದುರೆ ಮೊದಲಾದವನ್ನು ಸಮುದ್ರದಿಂದ ಹಿಡಿದು ಮಾರುವ ಉದ್ಯಮ. ಅಲಂಕಾರಕ್ಕೆ ಸಾಕುವ ಸಿಹಿನೀರಿನ ಮೀನುಗಳಲ್ಲಿ ಬಹುಪಾಲು ಸಾಕಣೆ ಕೇಂದ್ರಗಳಲ್ಲೇ ಹುಟ್ಟುತ್ತವೆ. ಕಡಲ ಮೀನುಗಳಲ್ಲಿ ಹೆಚ್ಚಿನವು ಇಂದಿಗೂ ಹವಳದ ದಿಬ್ಬಗಳಿಂದ ಬರುತ್ತವೆ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2003ರ ವರದಿಯಂತೆ, ವರ್ಷಕ್ಕೆ 2 ಕೋಟಿಗೂ ಹೆಚ್ಚು ಕಡಲ ಮೀನುಗಳು ಹೀಗೆ ಮಾರಾಟವಾಗುತ್ತಿದ್ದವು.

ಈ ಹವ್ಯಾಸ ಬೇರೂರಿದ್ದು 19ನೆಯ ಶತಮಾನದ ಇಂಗ್ಲೆಂಡಿನಲ್ಲಿ. 1853ರಲ್ಲಿ ಲಂಡನ್ ಮೃಗಾಲಯ ಮತ್ಸ್ಯಾಲಯವನ್ನು ತೆರೆಯಿತು. ಮರುವರ್ಷ ನಿಸರ್ಗವಿಜ್ಞಾನಿ ಫಿಲಿಪ್ ಹೆನ್ರಿ ಗಾಸ್‌ನ ‘ದಿ ಅಕ್ವೇರಿಯಂ’ ಪುಸ್ತಕ ಪ್ರಕಟವಾಯಿತು. ಜನ ಬುಟ್ಟಿ ಹಿಡಿದು ಕಡಲತೀರಕ್ಕೆ ಮುಗಿಬಿದ್ದರು. ಬಂಡೆಹೊಂಡಗಳು ಬರಿದಾದುದನ್ನು ಅವನ ಮಗ ಎಡ್ಮಂಡ್ 1907ರ ತನ್ನ ಆತ್ಮಕಥನದಲ್ಲಿ ವಿಷಾದದಿಂದ ದಾಖಲಿಸಿದ್ದಾನೆ.

1960ರ ದಶಕದಲ್ಲಿ ಫಿಲಿಪ್ಪೀನ್ಸ್‌ನಲ್ಲಿ ಅಕ್ವೇರಿಯಂ ಮೀನು ಹಿಡಿಯಲು ಸಯನೈಡ್ ಬಳಕೆ ಹಬ್ಬಿತು. ಮುಳುಗುಗಾರರು ಹವಳದ ಸಂದುಗಳಿಗೆ ವಿಷದ ನೀರು ಚಿಮ್ಮಿಸಿ, ಮಂಪರು ಕವಿದ ಮೀನುಗಳನ್ನು ಹಿಡಿಯುತ್ತಿದ್ದರು. ಹವಳ ಸಾಯುತ್ತಿತ್ತು, ಮೀನುಗಳೂ ಹೆಚ್ಚು ದಿನ ಬಾಳುತ್ತಿರಲಿಲ್ಲ. ವಿಷ ಹಾಕಿ ಮೀನು ಹಿಡಿಯುವುದನ್ನು 1975ರಲ್ಲೇ ಅಲ್ಲಿ ನಿಷೇಧಿಸಿದರೂ ಈ ಪದ್ಧತಿ ನಿಲ್ಲಲಿಲ್ಲ.

ವನ್ಯಜೀವಿಗಳ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದ ಗಟ್ಟಿಹವಳಗಳ ಹಾಗೂ, 2004ರಿಂದ, ಕಡಲಕುದುರೆಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಪರವಾನಗಿ ಕಡ್ಡಾಯಗೊಳಿಸಿತು. ತೊಟ್ಟಿ ಸೇರುವ ಬಹುತೇಕ ಮೀನುಗಳು ಅದರ ಪಟ್ಟಿಯಲ್ಲಿಲ್ಲ. ಅಮೆರಿಕದ ಹವಾಯಿ ರಾಜ್ಯದಲ್ಲಿ 1998ರ ಕಾಯ್ದೆ ಹವಾಯಿ ದ್ವೀಪದ ಪಶ್ಚಿಮ ಕರಾವಳಿಯ ಕನಿಷ್ಠ ಶೇ. 30 ಭಾಗವನ್ನು ಸಂಗ್ರಹಕಾರರಿಗೆ ಮುಚ್ಚಿತು. ಪರಿಸರ ಪರಿಶೀಲನೆ ನಡೆಸದೆ ಪರವಾನಗಿ ಕೊಡುವಂತಿಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2017ರಲ್ಲಿ ತೀರ್ಪಿತ್ತಿತು.

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ದಿಬ್ಬ ಕಟ್ಟುವ ಹವಳಗಳು, ಕಡಲಕುದುರೆ ಮತ್ತು ಕಡಲಸೌತೆಗಳು 2001ರಲ್ಲಿ ಸೇರಿದವು; ಇದರಿಂದ ಅವನ್ನು ಹಿಡಿಯುವುದು ನಿಷಿದ್ಧವಾಯಿತು. ಭಟ್ಕಳ ಸಮೀಪದ ನೇತ್ರಾಣಿ ದ್ವೀಪದ ಹವಳಕ್ಕೂ ಈ ರಕ್ಷಣೆಯಿದೆ. 2022ರ ತಿದ್ದುಪಡಿ ಸೈಟಿಸ್ ಪಟ್ಟಿಯ ಜೀವಿಗಳಿಗೆ ಪ್ರತ್ಯೇಕ ಅನುಸೂಚಿ ರಚಿಸಿತು.

ಕ್ರಮಬದ್ಧ ಸಂಗ್ರಹದಿಂದ ಬಡ ದ್ವೀಪವಾಸಿಗಳಿಗೆ ಆದಾಯವೂ ದಿಬ್ಬ ಉಳಿಸಿಕೊಳ್ಳಲು ಕಾರಣವೂ ಸಿಗುತ್ತದೆಂದು ಉದ್ಯಮದ ಸಮರ್ಥಕರು ವಾದಿಸುತ್ತಾರೆ. ಈ ವಾದದ ಮಿತಿ ತೋರಿಸುವುದು ಇಂಡೋನೇಷ್ಯಾದ ಬಂಗಾಯ್ ಕಾರ್ಡಿನಲ್ ಮೀನು. ಗಂಡು ಮೊಟ್ಟೆಗಳನ್ನು ಬಾಯಲ್ಲೇ ಕಾಯುತ್ತದೆ. ಮರಿಗಳು ಕಡಿಮೆ, ದೂರ ಹರಡುವುದಿಲ್ಲ; ಹೀಗಾಗಿ ಹಿಡಿದ ಮೇಲೆ ಸಂಖ್ಯೆ ಬೇಗ ಚೇತರಿಸಿಕೊಳ್ಳುವುದಿಲ್ಲ. 1990ರ ದಶಕದಲ್ಲಿ ಮಾರುಕಟ್ಟೆಗೆ ಬಂದ ಇದು 2007ರಲ್ಲಿ ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಅಪಾಯಕ್ಕೊಳಗಾದ ಜೀವಿಗಳ ಪಟ್ಟಿ ಸೇರಿತು. ಆದರೆ ತೊಟ್ಟಿಯಲ್ಲಿ ಇದರ ಮರಿ ಮಾಡಿಸುವುದು ಕಷ್ಟವಲ್ಲ. ಕೊಚ್ಚಿಯ ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯೂ ಕ್ಲೌನ್ ಮೀನುಗಳನ್ನು ಮರಿ ಮಾಡಿಸಿ ಬೆಳೆಸುವ ತಂತ್ರಜ್ಞಾನ ರೂಪಿಸಿದೆ.